ಬೇಜಾರಾದರೆ ತಿನ್ನುವ ಮಗು: ತಲೆಯೊಳಗೆ ಏನು ನಡೆಯುತ್ತದೆ?

ಪ್ರಶ್ನೆ (ಹೆಸರು ಬೇಡ ಎಂದ ಒಬ್ಬ ತಾಯಿ): ಮೇಡಂ, ನನ್ನ ಮಗನಿಗೆ ಹತ್ತು ವರ್ಷ. ವಯಸ್ಸಿಗೆ ತೂಕ ಜಾಸ್ತಿ. ಎಲ್ಲರ ಜೊತೆ ಕೂತಾಗ ಹದವಾಗಿಯೇ ಊಟ ಮಾಡುತ್ತಾನೆ. ಆದರೆ ಸ್ಕೂಲಲ್ಲಿ ಯಾರಾದರೂ ಏನಾದರೂ ಅಂದರೆ, ಹೋಂವರ್ಕ್‌ಗೆ ಬೈಸಿಕೊಂಡರೆ, ಸುಮ್ನೆ ರೂಮಿಗೆ ಹೋಗಿಬಿಡುತ್ತಾನೆ. ಆಮೇಲೆ ನೋಡಿದರೆ ಬಿಸ್ಕತ್ತಿನ ದೊಡ್ಡ ಪ್ಯಾಕೆಟ್ ಖಾಲಿ. ಕವರನ್ನು ಸಣ್ಣಗೆ ಮಡಚಿ ಪೆನ್ಸಿಲ್ ಬಾಕ್ಸಿನ ತಳದಲ್ಲಿ ಬಚ್ಚಿಟ್ಟಿರುತ್ತಾನೆ. ಕೇಳಿದರೆ "ನಿಲ್ಲಿಸೋಕೆ ಆಗ್ಲಿಲ್ಲ ಅಮ್ಮಾ" ಎಂದು ಅಳುತ್ತಾನೆ. ನಮ್ಮವರು ಇದು ಬರೀ ಬಾಯಿಚಪಲ ಅನ್ನುತ್ತಾರೆ. ಮಿದುಳಿನಲ್ಲೇ ಏನಾದರೂ ತೊಂದರೆ ಇರುತ್ತದಾ? ಸ್ಕ್ಯಾನ್ ಮಾಡಿಸಬೇಕಾ?

ಉತ್ತರ (ಮಕ್ಕಳ ಮನಶ್ಶಾಸ್ತ್ರಜ್ಞೆ): ಸ್ಕ್ಯಾನ್ ಬೇಡ. ಈ ತೊಂದರೆಯನ್ನು ಸ್ಕ್ಯಾನ್ ನೋಡಿ ಯಾರೂ ಪತ್ತೆ ಹಚ್ಚುವುದಿಲ್ಲ, ಮಗುವಿನ ಮಾತು ಕೇಳಿ ಪತ್ತೆ ಹಚ್ಚುತ್ತೇವೆ. ನಿಮ್ಮ ಮಗ ಆ ಮಾತನ್ನು ಆಗಲೇ ಹೇಳಿದ್ದಾನೆ: ನಿಲ್ಲಿಸೋಕೆ ಆಗಲಿಲ್ಲ ಅಂತ.

ಬೆಳೆಯುವ ಮಕ್ಕಳು ಒಮ್ಮೊಮ್ಮೆ ಸಿಕ್ಕಾಪಟ್ಟೆ ತಿನ್ನುತ್ತಾರೆ, ಅದು ಸಹಜ. ಹಾಗಾಗಿ ಎಷ್ಟು ತಿಂದ ಎನ್ನುವುದಕ್ಕಿಂತ ಹಿಡಿತ ತಪ್ಪಿತಾ ಎಂದು ನಾವು ಕೇಳುತ್ತೇವೆ. ಹೀಗೆ ಹಿಡಿತ ತಪ್ಪಿ ಒಮ್ಮೆಗೇ ಬಹಳ ತಿನ್ನುವುದನ್ನು ಬಿಂಜ್ ಎನ್ನುತ್ತೇವೆ. ಅದು ಮತ್ತೆ ಮತ್ತೆ ನಡೆಯುವ ಕಾಯಿಲೆಯೇ ಬಿಂಜ್ ಈಟಿಂಗ್ ಡಿಸಾರ್ಡರ್. ಮಾನಸಿಕ ತೊಂದರೆಗಳನ್ನು ಗುರುತಿಸಲು ಬಳಸುವ ಕೈಪಿಡಿಯಾದ, 2013ರಲ್ಲಿ ಬಂದ ಡಿಎಸ್‌ಎಂ-5ರಲ್ಲಿ ಇದಕ್ಕೆ ಪ್ರತ್ಯೇಕ ಸ್ಥಾನ ಸಿಕ್ಕಿದೆ. ವಾರಕ್ಕೆ ಒಮ್ಮೆಯಾದರೂ, 3 ತಿಂಗಳ ಕಾಲ ನಡೆದಿರಬೇಕು ಎನ್ನುತ್ತದೆ ಅದು. ಅವಸರವಾಗಿ ತಿನ್ನುವುದು, ಹಸಿವಿಲ್ಲದಿದ್ದರೂ ತಿನ್ನುವುದು, ನಾಚಿಕೆಯಿಂದ ಒಬ್ಬರೇ ತಿನ್ನುವುದು, ಆಮೇಲೆ ತಮ್ಮ ಮೇಲೇ ಅಸಹ್ಯಪಡುವುದು ಇದರ ಲಕ್ಷಣಗಳು. ಎಷ್ಟೋ ಮಕ್ಕಳು ಈ ಅಳತೆಗೆ ಪೂರ್ತಿ ಹೊಂದುವುದಿಲ್ಲ. ಆದರೂ ಹಿಡಿತ ತಪ್ಪಿ ತಿನ್ನುವ ಮಕ್ಕಳಲ್ಲಿ ಮುಂದೆ ತೂಕ ಇನ್ನಷ್ಟು ಏರುವ ಸಾಧ್ಯತೆ ಜಾಸ್ತಿ, ಅದಕ್ಕೇ ಬೇಗ ಗಮನಿಸುವುದು ಒಳ್ಳೆಯದು.

ಈಗ ಮಿದುಳಿನ ವಿಷಯ. ಅವಮಾನವಾದಾಗ, ಭಯವಾದಾಗ ಮಿದುಳಿನ ಒಳಭಾಗದಲ್ಲಿರುವ ಅಮಿಗ್ಡಲ ಚುರುಕಾಗುತ್ತದೆ. ಅದಕ್ಕೆ ಬ್ರೇಕ್ ಹಾಕುವುದು ಹಣೆಯ ಹಿಂದಿನ ಪ್ರೀಫ್ರಂಟಲ್ ಕಾರ್ಟೆಕ್ಸ್. "ಅವನು ನನ್ನನ್ನು ನೋಡಿ ನಕ್ಕ" ಎಂಬ ಯೋಚನೆಯನ್ನು "ಬೇರೇನಕ್ಕೋ ನಕ್ಕಿರಬಹುದು ಬಿಡು" ಎಂದು ತಿರುಗಿಸಿಕೊಳ್ಳುತ್ತೇವಲ್ಲ, ಆಗ ಈ ಭಾಗ ದುಡಿಯುತ್ತಿರುತ್ತದೆ, ಅಮಿಗ್ಡಲ ತಣ್ಣಗಾಗುತ್ತದೆ. ಕೆವಿನ್ ಆಕ್ಸ್‌ನರ್, ಜೇಮ್ಸ್ ಗ್ರಾಸ್ ಮತ್ತು ಸಂಗಡಿಗರು 2002ರಲ್ಲಿ ಎಫ್‌ಎಂಆರ್‌ಐ (ಮಿದುಳಿನ ಯಾವ ಭಾಗ ಚುರುಕಾಗಿದೆ ಎಂದು ತೋರಿಸುವ ಸ್ಕ್ಯಾನ್) ಬಳಸಿ ಇದನ್ನು ತೋರಿಸಿದರು. ಆದರೆ ಮುಖದಲ್ಲಿ ಏನೂ ತೋರಿಸದೆ ನುಂಗಿಕೊಂಡರೆ? ಹೊರಗೆ ಶಾಂತ, ಒಳಗೆ ಅಮಿಗ್ಡಲದ ಗಲಾಟೆ ನಿಲ್ಲುವುದಿಲ್ಲ. ನಿಮ್ಮ ಮಗ ಸುಮ್ನೆ ರೂಮಿಗೆ ಹೋಗುತ್ತಾನಲ್ಲ, ನನಗೆ ಅದು ಈ ಎರಡನೆಯ ದಾರಿಯ ಹಾಗೆ ಕಾಣುತ್ತದೆ.

ಅಂಥ ಹೊತ್ತಲ್ಲಿ ಸಿಹಿ, ಕೊಬ್ಬಿನ ತಿಂಡಿ ಕೈಗೆ ಸಿಕ್ಕರೆ ಮಿದುಳಿನ ಸ್ಟ್ರಯೇಟಂ ಎಂಬ ಭಾಗದಲ್ಲಿ ಡೋಪಮಿನ್ ಎಂಬ ರಾಸಾಯನಿಕ ಕೆಲಸ ಶುರುಮಾಡುತ್ತದೆ. ಬೇಜಾರು, ತಿಂಡಿ, ಆ ಕ್ಷಣದ ನೆಮ್ಮದಿ, ಇವು ಮೂರಕ್ಕೂ ಗಂಟು ಬೀಳುತ್ತದೆ. ಮುಂದಿನ ಸಲ ಬೇಜಾರಾದ ಕೂಡಲೇ ಕಾಲು ಅಡುಗೆಮನೆ ಕಡೆಗೇ ಹೋಗುತ್ತದೆ. ವಿಚಿತ್ರ ಏನೆಂದರೆ ನೆಮ್ಮದಿ ಉಳಿಯುವುದಿಲ್ಲ. ಬಿಂಜ್ ಮಾಡುವ ದೊಡ್ಡವರಿಂದ ದಿನವಿಡೀ ಆಗಾಗ ಮನಸ್ಥಿತಿ ಬರೆಸಿಕೊಂಡ ಅಧ್ಯಯನಗಳನ್ನು ಒಟ್ಟುಮಾಡಿ 2011ರಲ್ಲಿ ನೋಡಿದಾಗ, ತಿನ್ನುವ ಮೊದಲು ಮನಸ್ಸು ಕೆಟ್ಟಿದ್ದು ನಿಜ, ತಿಂದ ಮೇಲೆ ಇನ್ನೂ ಕೆಟ್ಟಿತ್ತು.

ಮರುಪ್ರಶ್ನೆ (ಅದೇ ತಾಯಿ): ಹಾಗಾದರೆ ತೂಕ ಜಾಸ್ತಿ ಇರುವ ಮಕ್ಕಳಿಗೆಲ್ಲ ಆ ಬ್ರೇಕ್ ಕಮ್ಮಿಯಾ?

ಉತ್ತರ: ಇಲ್ಲ, ತೂಕವೇ ಬೇರೆ, ಬಿಂಜ್ ಬೇರೆ. ಅಮೆರಿಕದಲ್ಲಿ 9-10 ವರ್ಷದ 11,000ಕ್ಕೂ ಹೆಚ್ಚು ಮಕ್ಕಳನ್ನು ಸೇರಿಸಿಕೊಂಡ ಎಬಿಸಿಡಿ ಎಂಬ ದೊಡ್ಡ ಅಧ್ಯಯನವಿದೆ. ಅದರಲ್ಲಿ ಬಿಂಜ್ ಇರುವ ಮಕ್ಕಳನ್ನು, ಅಷ್ಟೇ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) ಇದ್ದೂ ಬಿಂಜ್ ಇಲ್ಲದ ಮಕ್ಕಳ ಜೊತೆ ಹೋಲಿಸಿ ನೋಡಿದ್ದಾರೆ. ಹಿಡಿತಕ್ಕೆ, ಖುಷಿಗೆ ಸಂಬಂಧಪಟ್ಟ ಕೆಲವು ಭಾಗಗಳಲ್ಲಿ ಗ್ರೇ ಮ್ಯಾಟರ್ (ನರಕೋಶಗಳು ತುಂಬಿರುವ ಮಿದುಳಿನ ಬೂದು ಭಾಗ) ಸಾಂದ್ರತೆ ಬಿಂಜ್ ಮಕ್ಕಳಲ್ಲಿ ಜಾಸ್ತಿ ಇತ್ತು. ಜಾಸ್ತಿ ಅಂದರೆ ಒಳ್ಳೆಯದು ಅಂದುಕೊಳ್ಳಬೇಡಿ. ಬೆಳೆಯುವ ಮಿದುಳು ನರಕೋಶಗಳ ನಡುವಿನ ಬೇಡದ ಜೋಡಣೆಗಳನ್ನು ಕತ್ತರಿಸುತ್ತಾ ಹೋಗಬೇಕು, ಆ ಕೆಲಸ ಹಿಂದೆ ಬಿದ್ದಿರಬಹುದು ಎಂಬುದು ಒಂದು ಊಹೆ. ಇವೆಲ್ಲ ಗುಂಪಿನ ಸರಾಸರಿ ಲೆಕ್ಕ, ಯಾವುದೋ ಒಂದು ಮಗುವಿನ ಹಣೆಬರಹ ಅಲ್ಲ. ಅಷ್ಟಕ್ಕೂ ಪ್ರೀಫ್ರಂಟಲ್ ಕಾರ್ಟೆಕ್ಸ್ ಪೂರ್ತಿ ಬಲಿಯುವುದು ಇಪ್ಪತ್ತೈದರ ಆಸುಪಾಸಿಗೆ. ಹತ್ತು ವರ್ಷದವನಿಗೆ "ಸ್ವಲ್ಪ ಕಂಟ್ರೋಲ್ ಇಟ್ಕೋ" ಅನ್ನುವುದು ದೊಡ್ಡ ಬೇಡಿಕೆಯೇ.

ಗುಂಪಿನ ಇನ್ನೊಬ್ಬ ಸದಸ್ಯರು: ಮೇಡಂ, ತಿಂಡಿ ಕಪಾಟಿಗೆ ಬೀಗ ಹಾಕಿ, ರಾತ್ರಿ ಊಟ ಅರ್ಧಕ್ಕಿಳಿಸಿದರೆ ಮುಗೀತಲ್ವಾ? ನಮ್ಮ ಮನೆಯಲ್ಲಿ ಹಾಗೇ ಮಾಡಿದ್ದೀವಿ.

ಉತ್ತರ: ಸರ್, ಊಟ ಅರ್ಧ ಮಾಡುವುದನ್ನು ಇವತ್ತೇ ನಿಲ್ಲಿಸಿ. 1944-45ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅವರು 36 ಆರೋಗ್ಯವಂತ ಗಂಡಸರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟರು. ಹಗಲೂ ರಾತ್ರಿ ಅವರ ತಲೆಯಲ್ಲಿ ಊಟದ್ದೇ ಯೋಚನೆ. ಮತ್ತೆ ಊಟ ಸಿಕ್ಕಾಗ ಕೆಲವರು ಹೊಟ್ಟೆ ಬಿರಿಯುವಷ್ಟು ತಿಂದರೂ ತೃಪ್ತಿಯಾಗಲಿಲ್ಲ. ಅವರು ದೊಡ್ಡವರು, ಅದೂ ಸ್ವಂತ ಇಚ್ಛೆಯಿಂದ ಬಂದವರು. ಹಸಿದ ಮಗು, ಅದರ ಮೇಲೆ ಬೈಗುಳ ಬೇರೆ! ಬಿಂಜ್‌ಗೆ ಇದಕ್ಕಿಂತ ಒಳ್ಳೆ ದಾರಿ ಮಾಡಿಕೊಡಲಾಗದು. ಹೊತ್ತು ಹೊತ್ತಿಗೆ ಹೊಟ್ಟೆ ತುಂಬ ಊಟ ಕೊಡಿ. ದೊಡ್ಡ ಪ್ಯಾಕೆಟ್‌ಗಳನ್ನು ಮನೆಗೆ ತರುವುದು ಕಮ್ಮಿ ಮಾಡಿ, ಅದೂ ಎಲ್ಲರಿಗೂ ಒಂದೇ ನಿಯಮ ಇರಲಿ. ಮಗುವಿನ ತೂಕದ ಬಗ್ಗೆ ತಮಾಷೆ ಬೇಡವೇ ಬೇಡ. ಮನೆಯವರು ಆಡುವ ಇಂಥ ಮಾತಿಗೂ ಬಿಂಜ್‌ಗೂ ನಂಟಿದೆ.

ಮರುಪ್ರಶ್ನೆ (ತಾಯಿ): ಸರಿ ಮೇಡಂ. ಆ ಹೊತ್ತಿಗೆ ನಾನು ಏನು ಮಾಡಲಿ?

ಉತ್ತರ: ಹತ್ತಿರ ಹೋಗಿ ಕೂರಿ. ಇದು ಸಮಾಧಾನಕ್ಕೆ ಹೇಳುವ ಮಾತಲ್ಲ. ಡಿಲನ್ ಜೀ ಮತ್ತು ನಿಮ್ ಟಾಟನ್‌ಹ್ಯಾಮ್ ಎಂಬ ಸಂಶೋಧಕಿಯರ ತಂಡ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪುಟ್ಟ ಮಕ್ಕಳಿಗೆ ಅಮ್ಮನ ಫೋಟೋ ತೋರಿಸಿದಾಗ ಅಮಿಗ್ಡಲ ತಣ್ಣಗಾಗಿ, ಪ್ರೀಫ್ರಂಟಲ್ ಭಾಗದೊಂದಿಗಿನ ಅದರ ಸಂಪರ್ಕ ಬಲಿತವರ ಹಾಗೆ ಕಂಡಿತು. ಹದಿಹರೆಯದವರಲ್ಲಿ ಈ ಪರಿಣಾಮ ಕಾಣಲಿಲ್ಲ. ನಿಮ್ಮ ಮಗ ಇನ್ನೂ ಆ ಅಂಚಿನಲ್ಲಿದ್ದಾನೆ, ಅವನ ಬ್ರೇಕಿನ ಅರ್ಧ ಭಾಗ ಸದ್ಯಕ್ಕೆ ನೀವೇ.

ಉಪದೇಶ ಬೇಡ. "ಇವತ್ತು ಅವಮಾನ ಆಯ್ತಾ, ಸಿಟ್ಟು ಬಂತಾ?" ಎಂದು ಭಾವನೆಗೆ ಹೆಸರು ಹುಡುಕಲು ನೆರವಾಗಿ. ಭಾವನೆಗೆ ಹೆಸರಿಟ್ಟರೂ ಸಾಕು, ಅಮಿಗ್ಡಲದ ಚಟುವಟಿಕೆ ಇಳಿಯುತ್ತದೆ ಎಂದು ಮ್ಯಾಥ್ಯೂ ಲೀಬರ್‌ಮನ್ ತಂಡ 2007ರಲ್ಲಿ ತೋರಿಸಿದೆ. ಎಷ್ಟೋ ಮಕ್ಕಳು "ಏನೋ ಒಂಥರಾ ಆಗ್ತಿದೆ" ಎಂದಷ್ಟೇ ಹೇಳುತ್ತಾರೆ. ದೇಹದ ಒಳಗಿನ ಸುದ್ದಿ ಓದುವ ಇನ್ಸುಲಾ ಎಂಬ ಭಾಗಕ್ಕೆ ಹಸಿವಿನ ಸಂಕಟವೂ ಬರುತ್ತದೆ, ಬೇಜಾರಿನ ಸಂಕಟವೂ ಬರುತ್ತದೆ. ಎರಡನ್ನೂ ಬೇರ್ಪಡಿಸುವುದನ್ನು ಕಲಿಯಬೇಕು. "ಹೊಟ್ಟೆ ಚುರ್ ಅಂತಿದ್ಯಾ, ಎದೆ ಭಾರ ಆಗಿದ್ಯಾ?" ಎಂದು ಕೇಳಿ ನೋಡಿ. ಹಸಿವಾಗಿದೆ ಎಂದರೆ ಕೊಡಿ, ಕೂತು ಜೊತೆಗೆ ತಿನ್ನಿ.

ಬಚ್ಚಿಟ್ಟ ಕವರ್ ಸಿಕ್ಕರೆ ವಿಚಾರಣೆ ಬೇಡ. ನಾಚಿಕೆಯೇ ಮುಂದಿನ ಬಿಂಜ್‌ಗೆ ಕಾರಣವಾಗಬಹುದು.

ಮತ್ತೊಬ್ಬ ಸದಸ್ಯೆ: ನನ್ನ ಮಗಳಿಗೆ ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ) ಇದೆ, ಅವಳದ್ದೂ ಇದೇ ಕಥೆ. ಬಿಂಜ್‌ಗೆ ಮಾತ್ರೆ ಬಂದಿದೆಯಂತಲ್ಲ?

ಉತ್ತರ: ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಹಿಡಿತ ತಪ್ಪಿ ತಿನ್ನುವುದು ಹೆಚ್ಚಾಗಿ ಕಾಣುತ್ತದೆ, ಹಾಗಾಗಿ ಅವಳ ಡಾಕ್ಟರಿಗೆ ಇದನ್ನು ಖಂಡಿತ ಹೇಳಿ. ನೀವು ಕೇಳಿರುವುದು ಲಿಸ್‌ಡೆಕ್ಸ್‌ಆಂಫೆಟಮಿನ್ ಇರಬೇಕು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2015ರಲ್ಲಿ ಅದನ್ನು ಬಿಂಜ್‌ಗೆ ಒಪ್ಪಿದ್ದು ದೊಡ್ಡವರಿಗೆ ಮಾತ್ರ. ತೂಕ ಇಳಿಸಲು ಅದನ್ನು ಕೊಡುವಂತಿಲ್ಲ. ಮಕ್ಕಳಿಗೆ ನಾವು ಮೊದಲು ನೋಡುವುದು ಮಾತಿನ ಚಿಕಿತ್ಸೆ, ಅಂದರೆ ಸಿಬಿಟಿ (ಯೋಚನೆ, ನಡವಳಿಕೆಯ ರೂಢಿ ಬದಲಿಸಲು ಕಲಿಸುವುದು), ಜೊತೆಗೆ ಮನೆಯವರನ್ನೂ ಸೇರಿಸಿಕೊಂಡು ಮಾಡುವ ಚಿಕಿತ್ಸೆ. ತಿಂದದ್ದನ್ನು ವಾಂತಿ ಮಾಡಿಕೊಳ್ಳುತ್ತಿದ್ದರೆ, ದಿನಗಟ್ಟಲೆ ಊಟ ಬಿಡುತ್ತಿದ್ದರೆ, "ನಾನು ಇರಬಾರದಿತ್ತು" ಎಂಬಂಥ ಮಾತು ಬಂದರೆ ಇಲ್ಲಿ ಬರೆದು ಕಾಯಬೇಡಿ, ಕೂಡಲೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಮೊದಲ ಸಲ ಹೋಗುವಾಗ ಒಂದೆರಡು ವಾರದ ಚೀಟಿ ಜೊತೆಗಿರಲಿ: ಯಾವಾಗ ತಿಂದಳು, ಅದಕ್ಕೆ ಮೊದಲು ಏನಾಗಿತ್ತು, ಎಷ್ಟು ಹೊತ್ತಿನಿಂದ ಹೊಟ್ಟೆ ಖಾಲಿ ಇತ್ತು. ಕ್ಯಾಲೊರಿ ಲೆಕ್ಕ ಬರೆಯಬೇಡಿ, ನಮಗೆ ಅದು ಬೇಕಾಗಿಲ್ಲ.