ಸಹಾಯ ಬೇಕು: ಮಕ್ಕಳನ್ನು ಜಿನೀವಾದ ಸರ್ನ್‌ಗೆ ಕರೆದೊಯ್ಯಬೇಕು

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನಲ್ಲಿ ಹೈಸ್ಕೂಲ್ ವಿಜ್ಞಾನ ಟೀಚರ್. ಮುಂದಿನ ಬೇಸಿಗೆ ರಜೆಯಲ್ಲಿ ಒಂಬತ್ತನೇ ಕ್ಲಾಸಿನ ಮಕ್ಕಳನ್ನು ಜಿನೀವಾಕ್ಕೆ ಕರೆದುಕೊಂಡು ಹೋಗುವ ಯೋಚನೆ ಇದೆ. ಮುಖ್ಯವಾಗಿ ಅಲ್ಲಿನ ಸರ್ನ್ ಎಂಬ ಕಣ ಭೌತವಿಜ್ಞಾನ ಪ್ರಯೋಗಾಲಯಕ್ಕಾಗಿ. ನೆಲದಡಿಯ 27 ಕಿಲೋಮೀಟರ್ ಸುತ್ತಳತೆಯ ಸುರಂಗದಲ್ಲಿ ಪ್ರೋಟಾನ್‌ಗಳನ್ನು ಡಿಕ್ಕಿ ಹೊಡೆಸುವ ಜಾಗ ಅದು. 2012ರಲ್ಲಿ ಹಿಗ್ಸ್ ಬೋಸಾನ್ ಎಂಬ ಮೂಲಕಣ ಸಿಕ್ಕಿದ್ದು ಅಲ್ಲೇ. ನಾವು ದಿನಾ ಬಳಸುವ ವೆಬ್ ಹುಟ್ಟಿದ್ದೂ ಅಲ್ಲೇ. ಆವರಣದಲ್ಲಿ ಭಾರತ ಕೊಟ್ಟ ನಟರಾಜನ ವಿಗ್ರಹವಿದೆ. ‘ಬೋಸಾನ್’ ಅನ್ನೋ ಹೆಸರೇ ಬಂದಿದ್ದು ನಮ್ಮ ವಿಜ್ಞಾನಿ ಸತ್ಯೇಂದ್ರನಾಥ ಬೋಸ್ ಅವರಿಂದ; 1924ರಲ್ಲಿ ಅವರು ಮಾಡಿದ ಕೆಲಸದ ಬಗ್ಗೆ ಅಲ್ಲಿ ನಿಂತು ಮಕ್ಕಳಿಗೆ ಹೇಳಬೇಕು ಅನ್ನೋದು ನನ್ನ ದೊಡ್ಡ ಆಸೆ.

ಸರ್ನ್‌ನಲ್ಲಿ ಸಾರ್ವಜನಿಕರಿಗಾಗಿ ಇರುವ ಸೈನ್ಸ್ ಗೇಟ್‌ವೇ ವಿಜ್ಞಾನ ಪ್ರದರ್ಶನಕ್ಕೆ ಪ್ರವೇಶ ಉಚಿತ, ಸೋಮವಾರ ರಜೆ. ರೈಲ್ವೆ ಸ್ಟೇಷನ್‌ನಿಂದ 18ನೇ ನಂಬರ್ ಟ್ರಾಮ್ ನೇರವಾಗಿ ಹೋಗುತ್ತದೆ. ಇಷ್ಟು ಗೊತ್ತಿದೆ.

ಶಾಲೆಯ ಗುಂಪಿಗೆ ಗೈಡ್ ಜೊತೆಗಿನ ಟೂರ್ ಬೇಕಿದ್ದರೆ ಎಷ್ಟು ತಿಂಗಳು ಮೊದಲು ಬುಕ್ ಮಾಡಬೇಕು? ಜಿನೀವಾ ಬಹಳ ದುಬಾರಿ ಅಲ್ವಾ, ಗಡಿ ದಾಟಿ ಫ್ರಾನ್ಸ್ ಕಡೆ ಉಳಿದುಕೊಂಡರೆ ಖರ್ಚು ಕಡಿಮೆ ಆಗುತ್ತದೆಯೇ? ಮಕ್ಕಳ ಷೆಂಗೆನ್ ವೀಸಾಗೆ (ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ) ಅಪ್ಪ ಅಮ್ಮ ಇಬ್ಬರ ಒಪ್ಪಿಗೆ ಪತ್ರವನ್ನೂ ನೋಟರಿ ಮಾಡಿಸಬೇಕಾ? ಸಸ್ಯಾಹಾರಿ ಮಕ್ಕಳೇ ಜಾಸ್ತಿ, ಊಟಕ್ಕೆ ಎಲ್ಲಿ ಅನುಕೂಲ?

ಅಲ್ಲಿರುವ ಕನ್ನಡಿಗರು, ಹೋಗಿ ಬಂದ ಶಿಕ್ಷಕರು ದಯವಿಟ್ಟು ತಿಳಿಸಿ. ಪೋಷಕರ ಸಭೆಗೆ ಮೊದಲು ಖರ್ಚಿನ ಅಂದಾಜು ಸಿದ್ಧ ಮಾಡಬೇಕಿದೆ.