ಅಪ್‌ಡೇಟ್: ಕಾರಿನ ಲೈಸೆನ್ಸ್‌ನಲ್ಲಿ ಅಡಿಕೆ ಲೋಡ್ ಗಾಡಿ

ಎಲ್‌ಎಂವಿ (ಲಘು ವಾಹನ, ಅಂದರೆ ಕಾರಿನ) ಲೈಸೆನ್ಸ್‌ನಲ್ಲಿ ತೀರ್ಥಹಳ್ಳಿಯಿಂದ ಶಿವಮೊಗ್ಗ ಎಪಿಎಂಸಿಗೆ ಅಡಿಕೆ ಪಿಕಪ್ ಓಡಿಸಬಹುದಾ, ಲಾರಿಗೆ ಏನು ಬೇಕು, ಟ್ರ್ಯಾಕ್ಟರ್ ಟ್ರೈಲರ್ ಕಥೆಯೇನು ಅಂತ ಕೇಳಿದ್ದೆ. ಎಲ್ಲಾ ಬಗೆಹರೀತು.

'ಆರ್‌ಸಿಯಲ್ಲಿ ಗ್ರಾಸ್ ವೆಹಿಕಲ್ ವೇಟ್ (ಗಾಡಿ, ಲೋಡ್ ಸೇರಿದ ಗರಿಷ್ಠ ತೂಕ) ನೋಡಿ' ಅಂದವರ ಮಾತೇ ಸರಿ. ಅದು 7,500 ಕೆಜಿ ದಾಟದಿದ್ದರೆ ಹಳದಿ ಬೋರ್ಡ್ ಗಾಡಿಗೂ ಎಲ್‌ಎಂವಿ ಸಾಕು. 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಹಾಗೇ ತೀರ್ಪು ಕೊಟ್ಟಿದೆ. ಗ್ಯಾಸ್, ಪೆಟ್ರೋಲ್‌ನಂಥ ಅಪಾಯಕಾರಿ ಸರಕಿನ ನಿಯಮ ಬೇರೆ. 'ಲೋಡ್ ಐದು ಟನ್ ಒಳಗಿದ್ದರೆ ಆಯ್ತು' ಅನ್ನೋ ಸಲಹೆ ನಡೆಯಲ್ಲ. ಗಾಡಿಯ ಸ್ವಂತ ತೂಕವೂ ಸೇರಿ ನೋಂದಣಿಯಾದ ಅಂಕಿಯೇ ಲೆಕ್ಕ. ಖಾಲಿ ಓಡಿಸಿದರೂ ಅಷ್ಟೇ.

ಅದಕ್ಕಿಂತ ಭಾರದ ಲಾರಿಗಾದರೆ ವಯಸ್ಸು 20 ತುಂಬಿರಬೇಕು, ಎಲ್‌ಎಂವಿ ಸಿಕ್ಕಿ ಒಂದು ವರ್ಷ ಆಗಿರಬೇಕು. ಡಾಕ್ಟರ ಸಹಿಯ ಫಾರ್ಮ್ 1ಎ ಜೊತೆ ಎಲ್‌ಎಲ್ (ಕಲಿಕಾ ಲೈಸೆನ್ಸ್), 30 ದಿನ ಕಳೆದ ಮೇಲೆ ಟೆಸ್ಟ್. ಅದಕ್ಕೆ ಡ್ರೈವಿಂಗ್ ಸ್ಕೂಲಿನ ತರಬೇತಿ ಪತ್ರ ಫಾರ್ಮ್ 5 ಬೇಕು. ಕಾರ್ಡಿನಲ್ಲಿ ಟ್ರಾನ್ಸ್‌ಪೋರ್ಟ್ ಅವಧಿ ಬೇರೆಯೇ ಇರುತ್ತೆ, ಐದೇ ವರ್ಷ. ಇದನ್ನ ಯಾರೂ ಹೇಳಿರಲಿಲ್ಲ ನೋಡಿ!

ಟ್ರ್ಯಾಕ್ಟರ್‌ಗೆ ಟ್ರೈಲರ್ ಸಿಕ್ಕಿಸಿದ ಮಾತ್ರಕ್ಕೆ ಟ್ರ್ಯಾಕ್ಟರ್ ಲೈಸೆನ್ಸ್ ಅಸಿಂಧು ಆಗಲ್ಲ, 2001ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಕೃಷಿಗೆಂದು ವಿಮೆ ಮಾಡಿಸಿದ ಟ್ರೈಲರ್‌ನಲ್ಲಿ ಬಾಡಿಗೆ ಹೊಡೆದರೆ ಕ್ಲೇಮ್‌ಗೆ ತಕರಾರು ಬರುತ್ತೆ.