ಮೂರು ಎಗ್ ಸಿಕ್ಕಿದ್ದು ನಿನ್ನ ತಪ್ಪಲ್ಲ ಪುಟ್ಟಿ

ಪುಟ್ಟಿ, ಬೆಳಿಗ್ಗೆ ನೀನು ಹಾಕಿದ ಮೆಸೇಜ್ ಡ್ಯೂಟಿ ಮುಗಿಸಿ ಈಗ ನೋಡಿದೆ. ಐವಿಎಫ್‌ಗೆ (ಲ್ಯಾಬಿನಲ್ಲಿ ಭ್ರೂಣ ಮಾಡಿ ಗರ್ಭಕೋಶಕ್ಕೆ ಬಿಡುವ ಚಿಕಿತ್ಸೆಗೆ) ಹನ್ನೊಂದು ದಿನ ಸೂಜಿ ಚುಚ್ಚಿಸಿಕೊಂಡೆ, ಪಿಕಪ್‌ನಲ್ಲಿ, ಅಂದರೆ ಅಂಡಾಣು ಹೊರತೆಗೆಯುವಾಗ, ಮೂರೇ ಎಗ್ ಸಿಕ್ಕಿತು, ನಾನೇನು ತಪ್ಪು ಮಾಡಿದೆ ಅಕ್ಕಾ ಅಂತ ಕೇಳಿದ್ದೀಯ. ಏನೂ ಮಾಡಿಲ್ಲ ಕಣೇ. ಮೊದಲು ಅಳು ನಿಲ್ಲಿಸು.

ದೊಡ್ಡಮ್ಮ, ನೀವು ಕೇಳಿದ್ದೂ ಸರಿ. 'ಅವಳ ನಾದಿನಿಗೆ ಹದಿನಾಲ್ಕು ಬಂತಲ್ಲ, ಇವಳಿಗೆ ಡೋಸ್ ಕಮ್ಮಿ ಕೊಟ್ಟರಾ' ಅಂತ. ನಾದಿನಿಗೆ 29, ಪುಟ್ಟಿಗೆ 41. ವ್ಯತ್ಯಾಸ ಇರುವುದು ಅಲ್ಲೇ. ಹೆಣ್ಣುಮಗು ಹುಟ್ಟುವಾಗಲೇ ಸುಮಾರು 10ರಿಂದ 20 ಲಕ್ಷ ಅಂಡಾಣು ಇಟ್ಟುಕೊಂಡು ಬರುತ್ತದೆ. ಮೈನೆರೆಯುವ ಹೊತ್ತಿಗೆ 3-4 ಲಕ್ಷ ಉಳಿದಿರುತ್ತವೆ. ಆಮೇಲೆ ಕರಗುವುದೇ, ಹೊಸದು ಹುಟ್ಟುವುದಿಲ್ಲ. 35 ದಾಟಿದ ಮೇಲೆ ಇನ್ನೂ ಬೇಗ ಕಮ್ಮಿಯಾಗುತ್ತವೆ.

ಇಂಜೆಕ್ಷನ್ ಅಂಡಾಣು ತಯಾರಿಸುವುದಿಲ್ಲ ದೊಡ್ಡಮ್ಮ. ಪ್ರತಿ ತಿಂಗಳು ಒಂದಷ್ಟು ಅಂಡಾಣು ಪಂಕ್ತಿಯಲ್ಲಿ ಬಂದು ಕೂರುತ್ತವೆ ಅಂದುಕೊಳ್ಳಿ. ಮಾಮೂಲಿ ತಿಂಗಳಲ್ಲಿ ಒಂದಕ್ಕೆ ಮಾತ್ರ ಊಟ ಸಾಕಾಗುತ್ತದೆ, ಉಳಿದವು ಒಣಗಿಹೋಗುತ್ತವೆ. ಇಂಜೆಕ್ಷನ್ ಕೊಟ್ಟರೆ ಕೂತಷ್ಟಕ್ಕೂ ಬಡಿಸಿದ ಹಾಗೆ. ಎಲೆ ಮುಂದೆ ಐದೇ ಜನ ಕೂತಿದ್ದರೆ, ಹಂಡೆಗಟ್ಟಲೆ ಅನ್ನ ಬೇಯಿಸಿ ಏನು ಪ್ರಯೋಜನ? ಮುಟ್ಟಿನ ಎರಡನೇ ದಿನ ಸ್ಕ್ಯಾನ್ ಮಾಡಿ ಎಣಿಸಿದ್ದು, ಎಎಂಎಚ್ (ಅಂಡಾಣು ದಾಸ್ತಾನಿನ ಸುಳಿವು ಕೊಡುವ ಹಾರ್ಮೋನ್) ರಕ್ತಪರೀಕ್ಷೆ ಮಾಡಿಸಿದ್ದು, ಎಲ್ಲ ಎಷ್ಟು ಜನ ಬಂದಿದ್ದಾರೆ ಅಂತ ನೋಡುವುದಕ್ಕೇ. ಸುಮ್ನೆ ಡೋಸ್ ಏರಿಸಿದರೆ ಖರ್ಚು ಜಾಸ್ತಿ ಅಷ್ಟೆ.

ಇನ್ನೊಂದು ಮಾತು, ಪುಟ್ಟಿ. ಇದನ್ನು ಮುಚ್ಚಿಡುವುದು ನನಗೆ ಸರಿ ಅನ್ನಿಸುವುದಿಲ್ಲ. ಎಎಂಎಚ್ ಎಣಿಕೆಯ ಅಂದಾಜು ಕೊಡುತ್ತದೆ, ಗುಣಮಟ್ಟ ಹೇಳುವುದಿಲ್ಲ. ಗುಣಮಟ್ಟಕ್ಕೆ ವಯಸ್ಸೇ ದೊಡ್ಡ ಲೆಕ್ಕ. 40 ದಾಟಿದವರ ಭ್ರೂಣಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಕ್ರೋಮೋಸೋಮ್ ಹೆಚ್ಚುಕಮ್ಮಿ ಇರುತ್ತದೆ. ಮೂರು ಎಗ್‌ನಿಂದ ಗರ್ಭಕೋಶಕ್ಕೆ ಬಿಡಲು ಒಂದು ಭ್ರೂಣವೂ ಸಿಗದೆ ಇರಬಹುದು. ಒಂದೇ ಒಂದು ಚೆನ್ನಾಗಿದ್ದು ಮಗುವಾದವರನ್ನೂ ನಾನು ವಾರ್ಡಿನಲ್ಲಿ ನೋಡಿದ್ದೇನೆ, ಅದೂ ನಿಜ.

ದಾನಿ ಅಂಡಾಣುವಿನ ವಿಷಯ ಡಾಕ್ಟರ್ ಎತ್ತಿದರೆ ಬೇಜಾರು ಮಾಡಿಕೊಳ್ಳಬೇಡ. ಆಗ ಲೆಕ್ಕಕ್ಕೆ ಬರುವುದು ಮುಖ್ಯವಾಗಿ ದಾನಿಯ ವಯಸ್ಸು, ಗರ್ಭಕೋಶಕ್ಕೆ ವಯಸ್ಸಿನ ಪೆಟ್ಟು ಅಷ್ಟು ಬೀಳುವುದಿಲ್ಲ. ನಮ್ಮ ದೇಶದ 2021ರ ಕಾನೂನಿನಲ್ಲಿ ಹೆಂಗಸಿಗೆ 50ರವರೆಗೆ ಅವಕಾಶವಿದೆ. ಒಪ್ಪುವುದು ಬಿಡುವುದು ನೀವಿಬ್ಬರು ಕೂತು ಮಾತಾಡಿ, ನಾವ್ಯಾರೂ ಮಧ್ಯೆ ಬರುವುದಿಲ್ಲ.

ನಾಳೆ ಲ್ಯಾಬಿನಿಂದ ಫೋನ್ ಬಂದಾಗ ಮೂರರಲ್ಲಿ ಎಷ್ಟು ಬಲಿತಿದ್ದವು, ಎಷ್ಟು ಫಲಿತವಾದವು, ಎರಡನ್ನೂ ಕೇಳಿ ಬರೆದುಕೊ. ಸಂಜೆ ಸಾರು ಪಲ್ಯ ನಾನೇ ತರುತ್ತೇನೆ, ನೀನು ಒಲೆ ಹಚ್ಚಬೇಡ.